ನೀಲಿ ಗ್ರೀಸು

ಅವಳು ಬೀಸಿದ ಸ್ಪ್ಯಾನರ್ ಅವನ ಹುಬ್ಬಿಗೆ ಬಡಿಯಿತು. ರಕ್ತ ಚಿಮ್ಮಿ ಅಂಗಡಿಯ ಬಾಗಿಲಿಗೆ ಸಿಡಿಯಿತು.

"ನನ್ನ ತಮ್ಮನ ಹಲ್ಲು ಮುರಿದಿದೆ! ತುಟಿ ಸೀಳಿದೆ! ಹಬ್ ಸರಿ ಮಾಡು ಅಂತ ಕಳಿಸಿದ್ರೆ ಹೀಗಾ ಮಾಡೋದು?"

ಸೈಕಲ್ ಮೆಕ್ಯಾನಿಕ್ ಹುಬ್ಬು ಒತ್ತಿ ಹಿಡಿದು ಗೋಡೆಗೊರಗಿದ. "ಬೇಕಾದ್ರೆ ಇನ್ನೊಂದು ಹೊಡಿ. ಆ ಚಕ್ರ ಮಾತ್ರ ಬಿಚ್ಚಬೇಡ."

ತಪ್ಪು ಮುಚ್ಚಿಡೋಕೆ ನೋಡ್ತಿದಾನೆ...! ತಮ್ಮ ಬಿದ್ದ ಜಾಗದಿಂದ ಅವನು ಎತ್ತಿ ತಂದಿದ್ದ ಚಕ್ರವನ್ನು ಕಿತ್ತುಕೊಂಡು ಅವಳು ಮನೆಗೆ ನಡೆದಳು.

ಸೈಕಲ್ ಚಕ್ರದ ನಡುವಿನ ಹಳೆಯ ಹಬ್ಬನ್ನು ಮನೆಯಲ್ಲೇ ಬಿಚ್ಚಿ, ಒಳಗಿನ ಉಕ್ಕಿನ ಗುಂಡುಗಳನ್ನು ತೊಳೆದು, ಗ್ರೀಸು ಹಚ್ಚಿ ಮತ್ತೆ ಕಟ್ಟುವ ಹುಚ್ಚು ಅವಳದು. ಈ ಮೆಕ್ಯಾನಿಕ್‌ನ ಮುಖ ನೋಡಲೆಂದೇ ಚೆನ್ನಾಗಿದ್ದ ಹಬ್‌ಗೂ ಕಾಯಿಲೆ ಹಚ್ಚಿ ಅಂಗಡಿಗೆ ಒಯ್ಯುತ್ತಿದ್ದಳು. ತಮ್ಮನ ಸೈಕಲ್ಲಿನ ಈ ಹಬ್ ಮಾತ್ರ ಅವಳು ಕಟ್ಟಿದ ಮೇಲೂ ನಿಜವಾಗಿ ಗರಗರ ಎನ್ನುತ್ತಿತ್ತೆಂದು ತಮ್ಮನ ಕೈಲಿ ಕಳಿಸಿದ್ದಳು.

ಅಡುಗೆಮನೆಯ ಮೇಜಿನ ಮೇಲೆ ಚಕ್ರವನ್ನು ಕುಕ್ಕಿ ನಟ್ಟು ತಿರುಗಿಸಿದಳು. ಒಳಗೆ ಚೂರಾದ ಉಕ್ಕಿನ ಗುಂಡು... ಸುತ್ತ ನೀಲಿ ಗ್ರೀಸು.

ಅವನ ಅಂಗಡಿಯದು ಕಂದು. ನೀಲಿ ಅವಳದು!

ಈ ಹಬ್ ಕಟ್ಟಿದ ದಿನ ಒಂದು ಗುಂಡು ಕಳೆದುಹೋಗಿ, ಎಲ್ಲ ಅಳತೆಯವೂ ಬೆರೆತಿದ್ದ ಡಬ್ಬಿಯಿಂದ ಇನ್ನೊಂದನ್ನು ತೆಗೆದು ಹಾಕಿದ್ದಳು. ಅದು ಕೂದಲೆಳೆಯಷ್ಟು ದೊಡ್ಡದಿತ್ತು. ಭಾರವೆಲ್ಲ ತಾನೊಂದೇ ಹೊತ್ತು ಒಡೆದು, ಓಡುವ ಚಕ್ರವನ್ನು ಕಚ್ಚಿ ಹಿಡಿದಿತ್ತು.

"ಅವನು ಇದನ್ನ ಬಿಚ್ಚಲೇ ಇಲ್ವೇನೋ?" ಕಿರುಚಿದಳು.

ಹಾಸಿಗೆಯಲ್ಲಿದ್ದ ತಮ್ಮ ಊದಿದ ಬಾಯಲ್ಲೇ ತೊದಲಿದ. "ನಾನೇ ಬಿಡ್ಲಿಲ್ಲ ಅಕ್ಕಾ... ಕಾಯೋಕಾಗ್ದೆ ಸೈಕಲ್ ಹತ್ತಿ ಓಡ್ದೆ. ಅವನು ಬೇಡ ಬೇಡ ಅಂತ ಬೀದಿಯುದ್ದಕ್ಕೂ ಕೂಗ್ತಾ ಬಂದ."

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಅವಳು ಅಂಗಡಿಗೆ ಓಡಿದಳು.

"ನಂದೇ ತಪ್ಪು! ಅಳತೆ ತಪ್ಪಿದ ಗುಂಡು ಹಾಕಿದ್ದೆ. ಈ ಕೈಯೇ ತಮ್ಮನ ಹಲ್ಲು ಮುರೀತು!"

ಎಡಗೈಯನ್ನು ಕೆಲಸದ ಮೇಜಿನ ಮೇಲಿಟ್ಟು, ಸ್ಪ್ಯಾನರ್ ಎತ್ತಿ ಶಕ್ತಿಯೆಲ್ಲ ಹಾಕಿ ಅಪ್ಪಳಿಸಿದಳು. ನಡುವೆ ಅವನ ಕೈ ಬಂತು. ಮೂಳೆ ಕಟಕ್ಕೆಂದಿತು.

"ಅಯ್ಯೋ! ಯಾಕೋ ಅಡ್ಡ ಬಂದೆ?"

"ಹೀಗೇ ಮಾಡ್ಕೋತೀಯ ಅಂತ ಗೊತ್ತಿತ್ತು." ನೋವಿಗೆ ಅವನ ಕಣ್ಣಲ್ಲಿ ನೀರು. "ಹಬ್‌ನಿಂದ ಒಸರಿದ ನೀಲಿ ಗ್ರೀಸು ನೋಡಿದಾಗ್ಲೇ ಇದು ನಿನ್ನ ಕೈಕೆಲಸ ಅಂತ ಗೊತ್ತಾಯ್ತು... ಅದಕ್ಕೇ ಬಿಚ್ಚಬೇಡ ಅಂದೆ. ನೀನು ನನ್ನ ಹೊಡೆದ್ರೆ ತಡ್ಕೋತೀನಿ. ನಿನ್ನನ್ನ ನೀನೇ ಹೊಡ್ಕೊಳೋದು ನೋಡಕ್ಕಾಗಲ್ಲ. ಅಷ್ಟು ಇಷ್ಟ ಕಣೇ ನೀನಂದ್ರೆ."

ಅವಳು ತನ್ನ ತೋಳಿನ ಬಟ್ಟೆಯನ್ನು ಪರ್ರನೆ ಹರಿದು ಅವನ ಕೈಗೆ ಸುತ್ತಿದಳು. ಸುತ್ತುತ್ತಲೇ ಬಿಕ್ಕಿದಳು.

"ನಂಗೂ ಇಷ್ಟ... ಇಲ್ದಿದ್ರೆ ಚೆನ್ನಾಗಿರೋ ಹಬ್‌ಗಳನ್ನೆಲ್ಲ ಯಾಕೆ ಹೊತ್ಕೊಂಡು ಬರ್ತಿದ್ದೆ?"

"ಗೊತ್ತು. ಮೊದ್ಲು ಗುಂಡುಗಳನ್ನ ಅಳತೆ ನೋಡಿ ಬೇರೆ ಬೇರೆ ಡಬ್ಬಿಗೆ ಹಾಕೋದು ಕಲಿ."

"ಕಲಿಸೋಕೆ ಮನೆಗೆ ಬರ್ತೀಯಾ?"

"ಬರ್ತೀನಿ... ಹೆಲ್ಮೆಟ್ ಹಾಕ್ಕೊಂಡು!"