ಅಂಗೈ ಮೇಲಿನ ಅಕ್ಷರ

"ಆ ದಾರ ಮಾತ್ರ ಬಿಚ್ಚಬೇಡಪ್ಪಾ," ಎಂದಳು ಶಾಲೆಯ ಆಯಾ, ಉಗ್ರಾಣದ ಹೊಸ್ತಿಲು ದಾಟದೆ. "ಅದರೊಳಗೆ ಒಂದು ಕೈ ಇದೆ."

ಬೋರ್ಡು ಬರೆಯುವವನು ನಕ್ಕ. "ಒಳ್ಳೇದೇ ಆಯ್ತಲ್ಲ ಆಯಮ್ಮ. ಈ ಕೆಲಸಕ್ಕೆ ನನ್ನ ಎರಡು ಕೈ ಸಾಲ್ತಿಲ್ಲ."

ಊರಿಗೆ ಅವನು ಹೊಸಬ. ಶಾಲೆಯ ಪ್ರದರ್ಶನಕ್ಕೆಂದು, ಹಿಂದಿನ ಕಾಲದ ಮಕ್ಕಳು ಬರೆಯಲು ಬಳಸುತ್ತಿದ್ದ ಸಾಮಾನುಗಳನ್ನು ಒರೆಸಿ, ಜೋಡಿಸಿ, ಒಂದೊಂದರ ಕೆಳಗೂ ಚೀಟಿ ಬರೆದಿಡುವ ಕೆಲಸ ಸಿಕ್ಕಿತ್ತು. ಇದ್ದಿಲು, ಸೊಪ್ಪಿನ ರಸ ತಿಕ್ಕಿ ಕಪ್ಪಾಗಿಸಿದ ಮರದ ಹಲಗೆಗಳು. ಮುಟ್ಟಿದರೆ ಮುರಿಯುವ ತಾಳೆಗರಿಗಳು. ಅಳಲೆಕಾಯಿ ಕುದಿಸಿ ಮಾಡಿದ ಮಸಿ ತಳದಲ್ಲಿ ಹೆಪ್ಪುಗಟ್ಟಿದ್ದ ಮಣ್ಣಿನ ಕುಡಿಕೆಗಳು. ಎಲ್ಲದರ ಅಡಿಯಲ್ಲಿ, ಜೊಂಡು ಕೊಯ್ದು ಮಾಡಿದ ಒಂದು ಲೇಖನಿ. ಮೈತುಂಬ ಕರಿದಾರ ಸುತ್ತಿ ಮೇಣ ಮೆತ್ತಿತ್ತು.

"ಹಾಸ್ಟೆಲ್ಲಿನಲ್ಲಿ ಒಂದು ಮಗು ಇತ್ತಂತೆ, ಹೆತ್ತವರಿಲ್ಲದ್ದು," ಆಯಾ ದನಿ ತಗ್ಗಿಸಿದಳು. "ಕೈ ಮೇಲೆ ಕೈ ಇಟ್ಟು ಅಕ್ಷರ ತಿದ್ದಿಸ್ತಾರಲ್ಲ, ಆ ಹೊತ್ತು ಬಿಟ್ರೆ ಅದನ್ನ ಮುಟ್ಟಿದೋರೇ ಇಲ್ಲ. ಜ್ವರದಲ್ಲಿ ಹೋಯ್ತು. ಆಮೇಲೆ ಅದು ಬರೀತಿದ್ದ ಈ ಲೇಖನಿ ಹಿಡಿದೋರ ಕೈಯೆಲ್ಲ ಅದರ ವಶ ಆಗ್ತಿತ್ತು. ಕೊನೆಗೆ ಮಾಟಗಾರನ್ನ ಕರೆಸಿದ್ರು. ಆ ಪುಣ್ಯಾತ್ಮ ಅದಕ್ಕೆ ಬಿಡುಗಡೆ ಕೊಡ್ಲಿಲ್ಲ. ಈ ದಾರ ಬಿಚ್ಚಿದೋನ ಕೈ ಶಾಶ್ವತವಾಗಿ ನಿಂದು ಅಂತ ಆಸೆ ಹುಟ್ಟಿಸಿ, ಕಟ್ಟಿ ಹಾಕಿದ."

"ಆ ಮಾಟಗಾರನಿಗೆ ಓದು ಬರಹ ಬರ್ತಿತ್ತಾ?"

ಆಯಾ ಪೊರಕೆ ಎತ್ತಿಕೊಂಡು ಹೊರಟಳು. ಅವಳ ಪೊರಕೆಯ ಸದ್ದು ಓಣಿಯುದ್ದಕ್ಕೂ ಹೋಗಿ ಅಡಗಿತು.

ಅಕ್ಷರದಿಂದಲೇ ಅನ್ನ ಉಣ್ಣುವವನು ಅವನು. ಹಳಬರು ಜೊಂಡಿನ ತುದಿಯನ್ನು ಹೇಗೆ ಕೊರೆಯುತ್ತಿದ್ದರೆಂದು ನೋಡದೆ ಇರಲಾರ. ಮನೆಯಲ್ಲಿದ್ದ ತಾಯಿಗೆ ಹೇಳಲು ಒಂದು ಕತೆಯೂ ಆಯಿತು ಎಂದುಕೊಂಡ. ಅವಳಿಗೆ ಮೊದಲು ಕಣ್ಣು ಹೋಗಿತ್ತು, ಆಮೇಲೆ ಕಿವಿ. ಈಗ ಅವಳ ಲೋಕವೆಂದರೆ ಮಗನ ಬಲಗೈಯ ತೋರುಬೆರಳು. ಸಂಜೆ ಅವಳ ಅಂಗೈ ಮೇಲೆ ಅವನು ಒಂದೊಂದೇ ಅಕ್ಷರ ಬರೆಯುವನು, ಅವಳು ಬಾಯಲ್ಲಿ ಉತ್ತರ ಹೇಳುವಳು. ಅವನಿಗಾದರೂ ಈ ಊರಿನಲ್ಲಿ ಮಾತಿಗೆ ಇನ್ಯಾರಿದ್ದರು?

ಮೇಣ ಕೆರೆದ. ದಾರ ಬಿಚ್ಚಿದ.

ಹಸಿ ಸೊಪ್ಪು ಅರೆದ ವಾಸನೆ ಗಮ್ಮೆಂದು ಮೂಗಿಗೆ ಅಡರಿತು. ವರ್ಷಗಳಿಂದ ಗಾಳಿ ಕಾಣದ ಕೋಣೆಯಲ್ಲಿ ಹಸಿ ಸೊಪ್ಪು ಎಲ್ಲಿಂದ ಬಂತು? ಭುಜ ಕೊಡವಿ, ಲೇಖನಿಯನ್ನು ತಾನು ತಂದಿದ್ದ ಮಸಿಯಲ್ಲಿ ಅದ್ದಿ, ಚೀಟಿಯ ಮೇಲೆ 'ಲೇಖನಿ' ಎಂದು ಬರೆಯಹೊರಟ. ಕೈ ಬೇರೆಯೇ ಬರೆಯಿತು. ದಪ್ಪಕ್ಷರ, ಸೊಟ್ಟಕ್ಷರ, ಒತ್ತಿ ಒತ್ತಿ ತಿದ್ದಿದ್ದು. ಅಮ್ಮ. ಅದರ ಮೇಲೆಯೇ ಮತ್ತೆ, ಅಮ್ಮ. ಲೇಖನಿಯನ್ನು ಎಸೆದ. ಅದು ಉರುಳಿ ಗೋಡೆ ಸೇರಿತು. ಬೆರಳು ನಿಲ್ಲಲಿಲ್ಲ. ಮೇಜಿನ ಮೇಲೆ, ಧೂಳಿನ ಮೇಲೆ, ಬರಿಯ ಗಾಳಿಯ ಮೇಲೆ ಅಮ್ಮ, ಅಮ್ಮ.

ಕೈಯನ್ನು ಕಂಕುಳಲ್ಲಿ ಅದುಮಿಕೊಂಡು ಬೀದಿಗೆ ಓಡಿದ. ಅಂಗಡಿಗಳ ದೀಪ ಹತ್ತುತ್ತಿತ್ತು. ಯಾರನ್ನು ನಿಲ್ಲಿಸಿ ಏನೆಂದು ಹೇಳುವುದು? ಕಾಲು ತಾನಾಗಿ ಮನೆಯತ್ತ ತಿರುಗಿತು.

ನೆಲದ ಅದುರಿನಿಂದಲೇ ತಾಯಿಗೆ ತಿಳಿಯಿತು. ಮಂಚದಿಂದ ಕೈಚಾಚಿ ಅವನ ಕೆನ್ನೆ ಸವರಿದಳು. "ಬಂದ್ಯಾ? ಇದೇನೋ ಮೈಯೆಲ್ಲ ಸೊಪ್ಪಿನ ವಾಸನೆ." ಎಂದಿನಂತೆ ಬಲ ಅಂಗೈ ಒಡ್ಡಿದಳು.

ಅವನು ಕೈ ಕೊಡಲಿಲ್ಲ. ಕಂಕುಳಿಂದ ಅದೇ ಜಾರಿಕೊಂಡು ಹೋಯಿತು.

"ಇದ್ಯಾರು?" ತಾಯಿಯ ಹುಬ್ಬು ಮೇಲೇರಿತು. "ಎಷ್ಟು ಪುಟ್ಟ ಕೈ. ತಣ್ಣಗಿದೆಯಲ್ಲೋ. ಯಾರ ಮಗುನ ಕರ್ಕೊಂಡು ಬಂದೆ?"

ಅವನ ಕಣ್ಣಿಗೆ ಕಂಡದ್ದು ತನ್ನದೇ ಕೈ. ತನ್ನದೇ ಉಗುರು, ಉಗುರಿನ ಸಂದಿಯ ಬಣ್ಣ.

ಅಮ್ಮ, ಎಂದು ಬರೆಯಿತು ಬೆರಳು. ಮುದುಕಿಯ ಮುಖ ಅರಳಿತು. ಎಷ್ಟೋ ಕಾಲದಿಂದ ಅವನು ಕಾಣದಿದ್ದ ನಗು.

ಅವಳ ಇನ್ನೊಂದು ಅಂಗೈಯನ್ನು ಸೆಳೆದು, ಎಡಗೈಯಲ್ಲಿ ಗೀಚಿದ. ಇದು ಮಗುವಲ್ಲ. ಬಿಡು.

"ನಿಧಾನ ಕಣೋ. ಕೋಳಿ ಕೆದರಿದ ಹಾಗಿದೆ, ಒಂದೂ ತಿಳೀತಿಲ್ಲ."

ಮತ್ತೆ ಗೀಚಿದ. ಕಳಿಸು. ಕಳಿಸು.

"ಕಳಿಸಾ? ಹೊತ್ತು ಮುಳುಗಿದ ಮೇಲೆ ಮಗುನ ಎಲ್ಲಿಗೆ ಕಳಿಸ್ತಾರೆ?" ಬಲಗಡೆಗೆ ತಿರುಗಿದಳು. "ನೀನು ಹೇಳು ಪುಟ್ಟಾ, ಏನಾಯ್ತು?"

ಬೆರಳು ಕೊಂಚ ತಡೆಯಿತು. ಆಮೇಲೆ ಒಂದೊಂದೇ ಅಕ್ಷರ, ಒತ್ತಿ ಒತ್ತಿ. ಅವನೂ ಓದಿದ.

ಹೊಡೀತಾನೆ.

"ಇಲ್ಲಮ್ಮಾ," ಎಂದು ಕೂಗಿದ. ಕಿಟಕಿಯ ಗಾಜು ನಡುಗುವಂತೆ ಕೂಗಿದ. ಆಚೆಮನೆಯವರು ಬಾಗಿಲು ಹಾಕಿಕೊಂಡರು. ಕೇಳಬೇಕಾದವಳಿಗೆ ಕೇಳಲಿಲ್ಲ. ಕೈ ಎಳೆದ. ಬರಲಿಲ್ಲ. ಎಳೆದಷ್ಟೂ ಅವಳ ಹಿಡಿತ ಬಿಗಿಯಾಯಿತು. ಅವಳ ಮುಖದಿಂದ ನಗು ಇಳಿಯಿತು. ತುಟಿ ಬಿಗಿಯಿತು.

"ನನ್ನ ಮಗ ಮಕ್ಕಳ ಮೇಲೆ ಕೈ ಎತ್ತೋನಲ್ಲ. ಅವನ ಬರವಣಿಗೆಯೂ ಇದಲ್ಲ." ಏದುಸಿರಿನ ದನಿ. "ಅವನ ಮುಖ ಇಟ್ಕೊಂಡು ಬಂದಿದ್ದೀಯಲ್ಲ, ಯಾರು ನೀನು? ನನ್ನ ಮಗನ್ನ ಏನು ಮಾಡಿದೆ? ನಡಿ ಹೊರಗೆ."

ಎಡಗೈಯನ್ನು ಅವನ ಎದೆಗೆ ಕೊಟ್ಟು, ಇದ್ದ ಬಲವನ್ನೆಲ್ಲ ಕೂಡಿಸಿ ತಳ್ಳಿದಳು. ಅವನು ಬಾಗಿಲ ಕಡೆಗೆ ಹೆಜ್ಜೆ ಇಟ್ಟ. ಹೋಗಲಾಗಲಿಲ್ಲ. ಬಲಗೈಯಲ್ಲಿ ಅವಳು ಅವನ ಕೈಯನ್ನೇ ಎದೆಗವಚಿಕೊಂಡು, "ಹೆದರ್ಬೇಡ ಕಂದಾ, ನಾನಿದ್ದೀನಿ," ಎನ್ನುತ್ತಿದ್ದಳು.