ಹೇಳದೆ ಬಿಟ್ಟ ಬಿಸಿ

ಬಿಸಿ ಗಾಜನ್ನು ನಿಧಾನವಾಗಿ ಆರಿಸುವ ಒಲೆಯ ಬಾಗಿಲು ಬಾಯಿ ತೆರೆದುಕೊಂಡಿತ್ತು. ಎದುರಿಗೆ ನೆಲದ ತುಂಬ ಗಾಜಿನ ಚೂರು. ನಡುವೆ ಮೇಸ್ತ್ರಿ ಮುಖ ಮುಚ್ಚಿಕೊಂಡು ಕುಸಿದಿದ್ದ. ಬೆರಳ ಸಂದಿಯಲ್ಲಿ ರಕ್ತ. ಗಾಜು ಆರುವ ಮೊದಲೇ ಬಾಗಿಲು ತಾನಾಗಿ ತೆರೆದು, ತಣ್ಣನೆ ಗಾಳಿ ತಾಗಿ, ಎಲ್ಲ ಸಿಡಿದಿತ್ತು.

ಆಸ್ಪತ್ರೆಯಿಂದ ಫೋನ್ ಬಂತು. ಬಲಗಣ್ಣು ಹೋಗಿತ್ತು.

ಇನ್ಸ್‌ಪೆಕ್ಟರ್ ಬರುವಷ್ಟರಲ್ಲಿ ಕಾರ್ಖಾನೆಯ ಮುಖ್ಯಸ್ಥ ಅಪರಾಧಿಯನ್ನು ಹುಡುಕಿಟ್ಟಿದ್ದ.

"ಒಲೆ ನಡೆಸೋದು ಲಿಸ್ಪ್ ಭಾಷೇಲಿ ಬರೆದ ಪ್ರೋಗ್ರಾಂ, ಸಾರ್. ಈ ಒಲೆಗೆ ಆದೇಶ ಬರೆದೋಳು ಇವಳೇ. ಅಂಕಿಗಳನ್ನ ಹಿಂದುಮುಂದು ಮಾಡಿದಾಳೆ."

ಎಲ್ಲರೂ ಗುಬ್ಬಿ ಎಂದು ಕರೆಯುವ ಹುಡುಗಿ ಗೋಡೆಗೆ ಅಂಟಿಕೊಂಡಿದ್ದಳು. "ನಾನಲ್ಲ. ಅಕ್ಕಾ, ಹೇಳಿ ಅಕ್ಕಾ!"

ಕಾರ್ಖಾನೆಯವರೆಲ್ಲ ಅಕ್ಕ ಎನ್ನುತ್ತಿದ್ದವಳು ಆ ಪ್ರೋಗ್ರಾಂ ಬರೆದವಳು. ಮುಖ್ಯಸ್ಥನ ಹೆಂಡತಿ. ಅವಳು ಗಂಡನ ಮುಖ ನೋಡಿದಳು, ನೆಲ ನೋಡಿದಳು. ಪೊಲೀಸಿನವಳು ಗುಬ್ಬಿಯ ರಟ್ಟೆ ಹಿಡಿದಾಗ ಮಾತು ಹೊರಬಿತ್ತು.

"ಬಿಡಿ ಅವಳನ್ನ. ಹಿಂದುಮುಂದಾಗೋಕೆ ಸಾಧ್ಯವೇ ಇಲ್ಲ."

"ಯಾಕೆ?"

"ಇಲ್ಲಿ ಬರೀ ಅಂಕಿ ಬರೆಯಲ್ಲ ಸಾರ್. ಪ್ರತಿ ಅಂಕಿಗೂ ಮುಂಚೆ ಅದರ ಹೆಸರು. ಗಂಟೆ, ಎಂಟು. ದಪ್ಪ, ನಾಲ್ಕು. ಕೀವರ್ಡ್ ಅಂತೀವಿ. ಯಾವುದು ಮೊದಲು ಬಂದ್ರೂ ಯಂತ್ರಕ್ಕೆ ಒಂದೇ."

\* \* \*

ಗುಬ್ಬಿ ಬರೆದ ಸಾಲು ತೆರೆಯ ಮೇಲೆ ಬಂತು. ಮುಖ್ಯಸ್ಥ ಬೆರಳಿಟ್ಟ.

"ಎಷ್ಟು ಬಿಸಿಗೆ ಬಾಗಿಲು ತೆಗೀಬೇಕು ಅಂತ ಬರೆದೇ ಇಲ್ವಲ್ಲ!"

"ಯಾರೂ ಬರೆಯಲ್ಲ. ಬಿಟ್ಟರೆ ಫಂಕ್ಷನ್ನು, ಅಂದ್ರೆ ಎಲ್ಲ ಒಲೆಗೂ ಸೇರಿ ನಾನು ಬರೆದಿಟ್ಟ ಮೂಲ ಸೂಚನೆ, ತನ್ನೊಳಗಿರೋ ಅಂಕಿಯನ್ನೇ ಹಿಡಿಯುತ್ತೆ. ನಾನಿಟ್ಟಿದ್ದು ನಲವತ್ತು ಡಿಗ್ರಿ."

ಅಕ್ಕ ಫಂಕ್ಷನ್ ತೆರೆದಳು. ಅಲ್ಲಿ ಇನ್ನೂರು ಇತ್ತು.

"ಇದನ್ನ ಯಾರು ಬದಲಿಸಬಹುದು?" ಇನ್ಸ್‌ಪೆಕ್ಟರ್ ಕೇಳಿದ.

"ನಾನು. ಇಲ್ಲಾ ಇವರು."

ಮುಖ್ಯಸ್ಥ ನಕ್ಕ. ನೆಂಟರೆದುರು ಹೆಂಡತಿಯನ್ನು ಗೇಲಿ ಮಾಡುವಾಗಿನ ನಗು ಅದು. "ಹಾಗಾದ್ರೆ ಕಳ್ಳಿ ನೀನೇ ಕಣೇ!"

ಇನ್ಸ್‌ಪೆಕ್ಟರ್ ನಗಲಿಲ್ಲ. ಅಕ್ಕನನ್ನೇ ನೋಡುತ್ತ ನಿಂತ.

\* \* \*

ಉಳಿದ ಒಲೆಗಳನ್ನು ಆಗಲೇ ನಿಲ್ಲಿಸಿದ್ದರು. ಅಕ್ಕ ಒಂದೊಂದರ ಆದೇಶವನ್ನೂ ತೆಗೆದಳು. ಬಾಗಿಲಿನ ಬಿಸಿ ಎಲ್ಲೂ ಇರಲಿಲ್ಲ. ಅವಳದೇ ಒಲೆಯಲ್ಲೂ ಇರಲಿಲ್ಲ. ಕೊನೆಯದರಲ್ಲಿ ಇತ್ತು: ಬಾಗಿಲು, ನಲವತ್ತು.

"ಇದು ಯಾರ ಒಲೆ?"

"ಇವರದು. ಪ್ರದರ್ಶನಕ್ಕೆ ಇಡೋ ಹೂದಾನಿಗಳು." ಅಕ್ಕ ಗಂಡನ ಕಡೆ ತಿರುಗಿದಳು. "ಬರೆಯದಿದ್ರೂ ನಲವತ್ತೇ ಅಂತ ನಂಬಿದ್ದೋರು ಯಾರೂ ಬರೆಯಲಿಲ್ಲ. ನೀವೂ ಇಷ್ಟು ವರ್ಷ ಒಂದು ದಿನಾನೂ ಬರೆದೋರಲ್ಲ. ಇವತ್ತು ಯಾಕೆ ಬರೆದ್ರಿ? ಒಳಗೆ ನಲವತ್ತು ಇಲ್ಲ ಅಂತ ಗೊತ್ತಿದ್ದೋರು ನೀವೊಬ್ರೇ."

ಅವನ ನಗು ಇಳಿಯಿತು.

"ಕಿಟಕಿ ಗಾಜಿನ ದೊಡ್ಡ ಆರ್ಡರ್. ಒಲೆ ಬೇಗ ಖಾಲಿಯಾಗಬೇಕಿತ್ತು. ಇನ್ನೂರಕ್ಕೆ ತೆಗೆದ್ರೂ ಆ ಗಾಜು ತಡ್ಕೊಳ್ಳುತ್ತೆ ಅಂದ್ಕೊಂಡೆ."

"ಹೂದಾನಿ ತಡ್ಕೊಳ್ಳಲ್ಲ ಅಂತ ಮಾತ್ರ ನೆನಪಾಯ್ತು. ಬಾಗಿಲು ತೆರೀತಿದ್ದಂಗೆ ಮುಂದೆ ಹೋಗಿ ನಿಲ್ಲೋನ ನೆನಪಾಗಲಿಲ್ಲ."

"ಇದನ್ನೆಲ್ಲ ಮನೇಲಿ ಮಾತಾಡ್ಕೋಬಹುದಿತ್ತು."

"ಮನೇಲಿ ನಾನು ಹೇಳದೆ ಬಿಟ್ಟ ಜಾಗಕ್ಕೆಲ್ಲ ನಿಮ್ಮ ಅಂಕಿಯನ್ನೇ ತುಂಬಿದ್ರಿ. ಸಾಕು."

ಅವನನ್ನು ಕರೆದುಕೊಂಡು ಹೋದರು. ಗುಬ್ಬಿ ಕೆಂಪಾದ ರಟ್ಟೆ ಉಜ್ಜುತ್ತ ಚೀಲ ಎತ್ತಿಕೊಂಡಳು.

"ಮನೆಗೆ ಬಿಟ್ಟು ಬರ್ಲೇನೇ?" ಅಕ್ಕ ಕೇಳಿದಳು.

"ಬೇಡ." ಹುಡುಗಿ ಬಾಗಿಲಲ್ಲಿ ನಿಂತಳು. "ಅವರು ಹಿಂದುಮುಂದು ಅಂದ ತಕ್ಷಣ ಸುಳ್ಳು ಅಂತ ನಿಮಗೆ ಗೊತ್ತಿತ್ತು. ಪೊಲೀಸರು ನನ್ನ ರಟ್ಟೆ ಹಿಡಿಯೋ ತನಕ ಯಾಕೆ ಸುಮ್ಮನಿದ್ರಿ ಅಕ್ಕಾ?"

ಅಕ್ಕ ಬಾಯಿ ತೆರೆದಳು. ಹುಡುಗಿ ಉತ್ತರಕ್ಕೆ ಕಾಯಲಿಲ್ಲ.