ಎರಡೇ ಸೀಟಿನ ಕಾರು

"ದಾದಾ, ಈ ಕಾರಿಗೆ ಹಿಂದಿನ ಸೀಟೇ ಇಲ್ಲ!"

ಮುಬೀನಾ ಕಾರಿನ ಸುತ್ತ ಒಂದು ಸುತ್ತು ಹಾಕಿ ಬಂದು ಕೂಗಿದಳು. ಕೆಂಪು ಬಣ್ಣ, ಉದ್ದ ಮೂತಿ. ಮೇಲಿನ ಟಾಪ್ ಬಿಚ್ಚಿಟ್ಟರೆ ಆಕಾಶವೇ ಚಾವಣಿ. ಎಲ್ಲ ಸರಿ, ಆದರೆ ಸೀಟು ಎರಡೇ ಎರಡು.

"ಸ್ಪೋರ್ಟ್ಸ್ ಕಾರ್ ಬೇಟಿ, ಹಂಗೇ ಇರೋದು," ಎಂದರು ಪೀರ್ ಬಾಷಾ, ಬಾನೆಟ್ ಒರೆಸುತ್ತಲೇ.

ಪೀರ್ ಬಾಷಾ ಮುಬೀನಾಳ ಅಪ್ಪನ ಅಪ್ಪ. ಮೂವತ್ತು ವರ್ಷ ಶಿವಮೊಗ್ಗ–ಭದ್ರಾವತಿ ಸರ್ಕಾರಿ ಬಸ್ಸು ಓಡಿಸಿ, ಹೋದ ತಿಂಗಳಷ್ಟೇ ರಿಟೈರ್ ಆಗಿದ್ದರು. ರಿಟೈರ್ ಆದವರು ಮನೆಗೆ ಸುಣ್ಣಬಣ್ಣ ಮಾಡಿಸುತ್ತಾರೆ, ಇಲ್ಲವೇ ಜಗಲಿ ಮೇಲೆ ಪೇಪರ್ ಹಿಡಿದು ಕೂರುತ್ತಾರೆ. ದಾದಾ ಭದ್ರಾವತಿಗೆ ಹೋದರು. ಅಲ್ಲಿ ಫ್ಯಾಕ್ಟರಿ ಕ್ವಾರ್ಟರ್ಸ್ ಖಾಲಿ ಮಾಡುತ್ತಿದ್ದ ಇಂಜಿನಿಯರ್ ಒಬ್ಬರ ಈ ಸೆಕೆಂಡ್ ಹ್ಯಾಂಡ್ ಕಾರನ್ನು ಕೊಂಡು, ತಾವೇ ಓಡಿಸಿಕೊಂಡು ಬಂದರು.

ನೋಡಲು ಶಿವಮೊಗ್ಗದ ಗಾಂಧಿ ಬಜಾರಿನ ಗಲ್ಲಿಗೆ ಗಲ್ಲಿಯೇ ಸೇರಿತು.

"ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತಾ ಸಾಬ್ರೇ?" ಎಂದು ಎದುರು ಅಂಗಡಿಯ ಭೈರಪ್ಪ ಕಾಲೆಳೆದರು.

"ಬೇಕಿತ್ತು," ಎಂದರು ದಾದಾ, ಒಂದಿಷ್ಟೂ ನಾಚಿಕೊಳ್ಳದೆ. "ಮೂವತ್ತು ವರ್ಷ ಐವತ್ತು ಐವತ್ತು ಜನರನ್ನ ಹೊತ್ಕೊಂಡು ಹೋಗಿದ್ದಾಯ್ತು. ಇನ್ಮೇಲೆ ನಾನು, ನನ್ನ ಪಕ್ಕ ಒಬ್ಬರು. ಅಷ್ಟೇ."

ಆ ಒಬ್ಬರು ಯಾರು? ದಾದಾನ ಹೆಂಡತಿ, ದಾದಿ ಅಮೀನಾ ಬೀ ಒಂದು ಸಲ ಕೂತು ನೋಡಿದರು. ಕೂರುವುದೇನೋ ಸಲೀಸಾಗಿ ಆಯಿತು. ಏಳುವಾಗ ಮಾತ್ರ ಒಬ್ಬರು ಕೈ ಹಿಡಿದು ಎಳೆದು, ಇನ್ನೊಬ್ಬರು ಬೆನ್ನು ನೂಕಬೇಕಾಯಿತು.

"ಇದು ಕಾರಲ್ಲ, ಬಾವಿ! ನಾನಂತೂ ಇನ್ನು ಇದರ ತಂಟೆಗೆ ಬರಲ್ಲ," ಎಂದು ಅವರು ಸೊಂಟ ನೀವಿಕೊಳ್ಳುತ್ತಾ ಒಳಗೆ ಹೋದರು.

ಮುಬೀನಾ ಒಳಗೊಳಗೇ ಕುಣಿದಳು. ಹಾಗಾದರೆ ಸೀಟು ತನ್ನದೇ!

"ದಾದಾ, ಶನಿವಾರ ಸ್ಕೂಲ್ ಬಿಟ್ಟಾಗ ಇದರಲ್ಲೇ ಬರಬೇಕು. ಪ್ರಾಮಿಸ್?"

"ಪಕ್ಕಾ. ಹನ್ನೊಂದೂವರೆಗೆ ಗೇಟ್ ಹತ್ರ ಇರ್ತೀನಿ."

ಮರುದಿನ ಐದನೇ ಕ್ಲಾಸಿನಲ್ಲಿ ಇದೇ ಸುದ್ದಿ. ಎಲ್ಲರೂ ಬಾಯಿ ಬಿಟ್ಟು ಕೇಳಿದರು, ಜ್ಞಾನೇಶ್ ಒಬ್ಬನನ್ನು ಬಿಟ್ಟು.

"ರೈಲು ಬಿಡಬೇಡ ಕಣೇ! ಸ್ಪೋರ್ಟ್ಸ್ ಕಾರು ಟೀವಿಲಿ ಇರುತ್ತೆ, ಗಾಂಧಿ ಬಜಾರಲ್ಲಿ ಅಲ್ಲ."

"ಶನಿವಾರ ಗೇಟ್ ಹತ್ರ ನಿಂತ್ಕೋ. ನಿನ್ನ ಕಣ್ಣೆದುರೇ ಅದರಲ್ಲಿ ಕೂತು ಟಾಟಾ ಮಾಡ್ತೀನಿ."

"ಮಾಡ್ಲಿಲ್ಲ ಅಂದ್ರೆ?"

"ವರ್ಷ ಪೂರ್ತಿ ನನ್ನನ್ನ ರೈಲು ಅಂತಲೇ ಕರಿ!" ಎಂದುಬಿಟ್ಟಳು ಮುಬೀನಾ. ಆಡಿದ ಮೇಲೆ ಸ್ವಲ್ಪ ಭಯವಾಯಿತು. ಆದರೆ ದಾದಾ ಒಂದು ದಿನವೂ ಬಸ್ಸನ್ನು ಲೇಟ್ ಮಾಡಿದವರಲ್ಲ. ಅವಳು ಧೈರ್ಯವಾಗಿದ್ದಳು.

ಶನಿವಾರ ಬಂತು. ಬಿಳಿ ಯೂನಿಫಾರ್ಮಿನ ಮಕ್ಕಳೆಲ್ಲ ರವೀಂದ್ರನಗರದ ಶಾಲೆಯ ಗೇಟಿಗೆ ಮುತ್ತಿಕೊಂಡರು. ಹನ್ನೊಂದೂವರೆ ಆಯಿತು, ಹನ್ನೊಂದು ಮುಕ್ಕಾಲಾಯಿತು. ಕಾರು ಕಾಣಲಿಲ್ಲ.

"ಕೂ... ಚುಕುಬುಕು ಚುಕುಬುಕು," ಎಂದು ಜ್ಞಾನೇಶ್ ಶುರುಮಾಡಿದ. ಗೆಳತಿ ಅಮೂಲ್ಯ ಅವಳ ಕೈ ಹಿಡಿದುಕೊಂಡಳು. ಮುಬೀನಾಳ ಕಿವಿ ಬಿಸಿಯಾಯಿತು.

ಅಷ್ಟರಲ್ಲಿ ಗುರ್‌ರ್ ಎಂಬ ಸದ್ದು! ರಸ್ತೆ ತಿರುವಿನಲ್ಲಿ ಕೆಂಪು ಮೂತಿ ಕಾಣಿಸಿತು. "ಬಂತು! ಬಂತು!" ಎಂದು ಮಕ್ಕಳು ಹೋ ಎಂದರು. ಮುಬೀನಾ ಬ್ಯಾಗ್ ಹೆಗಲಿಗೇರಿಸಿ ಓಡಿದಳು. ಓಡಿದವಳು ಅಲ್ಲೇ ನಿಂತಳು.

ಅವಳ ಸೀಟಿನಲ್ಲಿ ಯಾರೋ ಕೂತಿದ್ದರು. ಖಾಕಿ ಬಟ್ಟೆ, ಕೊರಳಲ್ಲಿ ಸೇವಂತಿಗೆ ಹಾರ. ವೀರಪ್ಪಜ್ಜ! ದಾದಾನ ಬಸ್ಸಿಗೆ ಕೊನೆಯವರೆಗೂ ಕಂಡಕ್ಟರ್ ಆಗಿದ್ದವರು.

"ಬೇಟಿ, ಇವತ್ತು ಇವನ ರಿಟೈರ್ಮೆಂಟ್," ಎಂದರು ದಾದಾ ತಪ್ಪು ಮಾಡಿದವರಂತೆ. "ಡಿಪೋದಿಂದ ಇವನನ್ನ ಇವನೂರು ಕುಂಸಿಗೆ ಬಿಟ್ಟು, ಹನ್ನೊಂದೂವರೆಗೆ ಇಲ್ಲಿಗೆ ಬರೋಣ ಅಂತಿದ್ದೆ. ಸಾಹೇಬ್ರು ಬಂದು ಹಾರ ಹಾಕೋಷ್ಟರಲ್ಲೇ ಹನ್ನೊಂದೂವರೆ ಆಗೋಯ್ತು."

"ಅದಕ್ಕೇನೀಗ? ನಾನು ಇಲ್ಲೇ ಇಳೀತೀನಿ ಮಾರಾಯ," ಎಂದು ವೀರಪ್ಪಜ್ಜ ಬಾಗಿಲು ತೆಗೆದರು. "ಮಗುಗೆ ಮಾತು ಕೊಟ್ಟಿದ್ದೀಯ. ನಾನು ಕುಂಸಿ ಬಸ್ ಹತ್ತುತೀನಿ. ನಿಂತ್ಕೊಂಡು ಹೋಗೋದು ನನಗೇನು ಹೊಸದಾ?"

ಅವರು ಕಷ್ಟಪಟ್ಟು ಮೇಲೆದ್ದು, ಕೊರಳ ಹಾರ ಸರಿಮಾಡಿಕೊಂಡು ಫುಟ್‌ಪಾತ್ ಮೇಲೆ ನಿಂತರು. ಮುಬೀನಾಳ ಮುಂದೆ ಬಾಗಿಲು ತೆರೆದೇ ಇತ್ತು. ಹಿಂದೆ ಕ್ಲಾಸಿಗೆ ಕ್ಲಾಸೇ ಕಾಯುತ್ತಿತ್ತು.

"ಬಾ ಪುಟ್ಟಿ, ಕೂತ್ಕೋ," ಎಂದರು ವೀರಪ್ಪಜ್ಜ. ಆಮೇಲೆ ದಾದಾನ ಕಡೆ ತಿರುಗಿ ನಕ್ಕರು. "ಮೂವತ್ತು ವರ್ಷ ಬಸ್ಸಲ್ಲಿ ನಾನು ನೋಡಿದ್ದು ನಿನ್ನ ಬೆನ್ನೊಂದೇ ಕಣೋ ಬಾಷಾ. ನೀನು ಕೇಳಿದ್ದು ನನ್ನ ಗಂಟಲೊಂದೇ. ಪಕ್ಕಪಕ್ಕ ಕೂತು ಒಂದು ಕಿಲೋಮೀಟರೂ ಹೋಗಿರಲಿಲ್ಲ. ಇವತ್ತು ಡಿಪೋದಿಂದ ಇಲ್ಲೀತನಕ ಬಂದ್ವಲ್ಲ, ಸಾಕು ಬಿಡು."

ದಾದಾ ಸ್ಟೇರಿಂಗ್ ಹಿಡಿದು ಮುಂದೆ ನೋಡುತ್ತಿದ್ದರು. ಪಕ್ಕದ ಸೀಟಿನ ಮೇಲೆ ನಾಲ್ಕು ಸೇವಂತಿಗೆ ಎಸಳು ಉದುರಿದ್ದವು. ದಾದಾನ ಮುಖ ಇಷ್ಟು ಸಪ್ಪಗಾಗಿದ್ದನ್ನು ಮುಬೀನಾ ಎಂದೂ ಕಂಡಿರಲಿಲ್ಲ.

ಅವಳಿಗೆ ಅಳು ಬಂದಂತಾಯಿತು. ಹತ್ತಿ ಕೂತರೆ ಮುಗಿಯಿತು, ಜ್ಞಾನೇಶನ ಬಾಯಿಗೆ ಬೀಗ. ಅವಳು ಒಂದು ಕಾಲು ಮುಂದಿಟ್ಟಳು. ಆದರೆ ಕಾರಿನೊಳಗೆ ಅಲ್ಲ.

"ಬನ್ನಿ ವೀರಪ್ಪಜ್ಜ," ಎಂದು ಅವರ ಕೈ ಹಿಡಿದು ಎಳೆದು ತಂದಳು. "ಕೂತ್ಕೊಳ್ಳಿ. ನಮ್ಮನೆ ದೂರ ಏನಿಲ್ಲ, ಅಮೂಲ್ಯ ಜೊತೆ ನಡ್ಕೊಂಡು ಹೋಗ್ತೀನಿ."

"ಬೇಟಿ, ನಿಂಗೆ ಪ್ರಾಮಿಸ್..." ದಾದಾ ತಡವರಿಸಿದರು.

ಇವರಿಬ್ಬರನ್ನು ಮಾತಾಡಲು ಬಿಟ್ಟರೆ ಸಂಜೆಯಾಗುತ್ತದೆ ಎಂದು ಮುಬೀನಾಳಿಗೆ ಗೊತ್ತಾಯಿತು. ವೀರಪ್ಪಜ್ಜನನ್ನು ಕೂರಿಸಿ ಬಾಗಿಲು ಹಾಕಿದಳು. ಕಾರಿನ ಮೈಗೆ ಅಂಗೈಯಿಂದ ಎರಡು ಸಲ ಬಡಿದು, ಗಂಟಲು ದೊಡ್ಡದು ಮಾಡಿ ಕೂಗಿದಳು:

"ರೈಟ್, ರೈಟ್!"

ಕೂಗಿದ್ದೇ ತಡ, ದಾದಾನ ಕಾಲು ತಾನಾಗಿಯೇ ಕ್ಲಚ್ ಬಿಟ್ಟಿತು. ಕಾರು ಮುಂದಕ್ಕೆ ಚಿಮ್ಮಿತು. ಇಬ್ಬರು ಮುದುಕರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಬಿದ್ದು ಬಿದ್ದು ನಗುತ್ತಾ ಹೋದರು.

"ಏನೇ ರೈಲು, ನಿನ್ನ ಬಿಟ್ಟೇ ಹೋಯ್ತಲ್ಲೇ ಕಾರು!" ಎಂದ ಜ್ಞಾನೇಶ್.

"ಹ್ಞೂಂ, ಹೋಯ್ತು," ಎಂದಳು ಮುಬೀನಾ. ಅವಳಿಗೆ ಸಿಟ್ಟು ಬರಲಿಲ್ಲ. ಕೆಂಪು ಕಾರು ಸಣ್ಣದಾಗುವವರೆಗೂ ನೋಡುತ್ತಾ ನಿಂತಳು.

"ಕುಂಸಿ ತುಂಬಾ ದೂರ ಏನೇ?" ಅಮೂಲ್ಯ ಕೇಳಿದಳು.

"ಇಪ್ಪತ್ತೈದು ಕಿಲೋಮೀಟರ್ ಅಂತೆ."

ಇನ್ನೂ ಸ್ವಲ್ಪ ದೂರ ಇದ್ದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಅವಳಿಗೆ.